ಅಣ್ಣಯ್ಯನವರ ದೋಣಿಯ ಹಿಂದೆ

ಕೆರೆ ಏರಿಯ ಮೇಲೆ ಎರಡು ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿದ್ದ ಫ್ಲೆಕ್ಸಿನಲ್ಲಿ 'ಸೌಹಾರ್ದ ಹಾಯಿದೋಣಿ ಸ್ಪರ್ಧೆ' ಎಂದು ಬರೆದಿತ್ತು. ಹಾಯಿದೋಣಿ ಇದ್ದದ್ದು ನಿಜ. ಅದರಲ್ಲೊಂದನ್ನು ನಾನೇ ಕಟ್ಟಿದ್ದೆ. ಸ್ಪರ್ಧೆಯೂ ಒಂದು ರೀತಿಯಲ್ಲಿ ಇತ್ತು, ಯಾರು ಹೆಚ್ಚು ಅಂದವಾಗಿ ಸೋಲುತ್ತಾರೆ ಎಂಬ ವಿಷಯದಲ್ಲಿ. ನನ್ನ ತಕರಾರು ಇರುವುದು ಮೊದಲನೆಯ ಪದದ ಮೇಲೆ. ಈಗಲೂ ಆ ಪದ ಎಲ್ಲಿ ಕಂಡರೂ ನನಗೆ ಮೈ ಉರಿಯುತ್ತದೆ. ಮೊನ್ನೆ ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು 'ಸೌಹಾರ್ದ ಕಬಡ್ಡಿ' ಎಂಬ ಬೋರ್ಡು ನೋಡಿ, ಏನೂ ಪಾಪ ಮಾಡದ ಆ ಕಬಡ್ಡಿಯವರ ಮೇಲೆ ಸಿಟ್ಟು ಬಂದು, ಕೊಳ್ಳಲು ಹೋಗಿದ್ದ ಪೈಪಿನ ವಾಷರ್ ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ವಾಷರ್ ಇಲ್ಲದೆ ಬಂದದ್ದಕ್ಕೆ ಮನೆಯಲ್ಲಿ ಕಾರಣ ಕೊಡಬೇಕಾಯಿತು. ಕಾರಣ ಉದ್ದವಾಯಿತು. ಇಷ್ಟು ಉದ್ದದ ಕಾರಣವನ್ನು ಬರೆದೇ ಇಡುವುದು ಮೇಲು ಎಂದುಕೊಂಡು ಕುಳಿತಿದ್ದೇನೆ.

ನಮ್ಮ ತೋಟ ಇರುವುದು ಬಾಳೂರಿನ ಕಡೆ, ಒಂದು ದೊಡ್ಡ ಕೆರೆಯ ಕೆಳಗೆ. ಕೆರೆ ನಮ್ಮದಲ್ಲ. ಅದು ಹಿರಿಯ ಪ್ಲಾಂಟರೊಬ್ಬರ ಎಸ್ಟೇಟಿನ ಒಳಗಿದೆ. ಸುತ್ತಲಿನ ಸಣ್ಣ ತೋಟದವರೆಲ್ಲ ಅವರನ್ನು ಅಣ್ಣಯ್ಯ ಎನ್ನುತ್ತೇವೆ. ಯಾರಿಗೂ ರಕ್ತಸಂಬಂಧದಲ್ಲಿ ಅಣ್ಣನಲ್ಲ. ನೀರಿನ ಸಂಬಂಧ ರಕ್ತಸಂಬಂಧಕ್ಕಿಂತ ಗಟ್ಟಿ.

ರೊಬಸ್ಟಾ ಗಿಡದ ಸ್ವಭಾವ ತಿಳಿಯದವರಿಗೆ ಒಂದು ಮಾತು. ಕೊಯ್ಲು ಮುಗಿದ ಮೇಲೆ ಗಿಡ ರೆಂಬೆಯ ತುಂಬ ಮೊಗ್ಗು ಕಟ್ಟಿಕೊಂಡು ನೀರಿಗೆ ಕಾದು ಕೂತಿರುತ್ತದೆ. ಆಗ ಒಂದು ಹದವಾದ ಮಳೆ ಬಂದರೆ ಸರಿ. ಬರದಿದ್ದರೆ ಸ್ಪ್ರಿಂಕ್ಲರ್ ಹೊಡೆಯಬೇಕು. ಹೊತ್ತಿಗೆ ಸರಿಯಾಗಿ ನೀರು ಬಿದ್ದರೆ ವಾರದೊಪ್ಪತ್ತಿನಲ್ಲಿ ತೋಟ ಬೆಳ್ಳಗಾಗುತ್ತದೆ. ತಡವಾದರೆ ಮೊಗ್ಗು ಕಪ್ಪಿಟ್ಟು ಉದುರುತ್ತದೆ. ಆಮೇಲೆ ಗಿಡಕ್ಕೆ ಎಷ್ಟು ಬುದ್ಧಿ ಹೇಳಿದರೂ ಅಷ್ಟೆ, ಮುಂದಿನ ವರ್ಷದವರೆಗೆ ಕಾಯಬೇಕು. ನಮಗೆಲ್ಲ ಹೂವಿನ ನೀರು ಬರುವುದು ಅಣ್ಣಯ್ಯನವರ ಕೆರೆಯಿಂದ. ಒಬ್ಬರಾದ ಮೇಲೆ ಒಬ್ಬರು, ಸರದಿಯ ಪ್ರಕಾರ. ಮೊದಲ ಸರದಿಯವನು ಅದೃಷ್ಟವಂತ. ಕೊನೆಯ ಸರದಿಯವನ ಪಾಲಿಗೆ ಕೆರೆಯ ತಳದ ಕೆಸರು ಮತ್ತು ಅಣ್ಣಯ್ಯನವರ ಅನುಕಂಪ. ಸರದಿ ಗೊತ್ತು ಮಾಡುವವರೂ ಅಣ್ಣಯ್ಯನವರೇ.

ಈ ಅಣ್ಣಯ್ಯನವರು ಕೆಲವು ವರ್ಷಗಳ ಹಿಂದೆ ಗೋವಾಕ್ಕೆ ಹೋದರು. ಗೋವಾಕ್ಕೆ ಹೋದವರು ಸಾಮಾನ್ಯವಾಗಿ ಬ್ಯಾಗಿನ ತಳದಲ್ಲಿ ಅಡಗಿಸಿ ತರುವ ಪದಾರ್ಥಗಳನ್ನು ಬಿಟ್ಟು ಇವರು ಲಾರಿಯ ಮೇಲೆ ಒಂದು ಹಾಯಿದೋಣಿ ತಂದರು. ಬಿಳಿ ಫೈಬರಿನ ದೋಣಿ, ಬಿಳಿ ಹಾಯಿ, ದೋಣಿಗೆ ಒಪ್ಪುವ ಬಿಳಿ ಟೋಪಿ. ಒಂದು ವರ್ಷ ಒಬ್ಬರೇ ಕೆರೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಒಬ್ಬರೇ ಓಡಿದರೆ ಗೆದ್ದದ್ದು ತಿಳಿಯುವುದು ಹೇಗೆ? ಮುಂದಿನ ವರ್ಷ ನೆರೆಹೊರೆಯವರಿಗೆಲ್ಲ ಹೇಳಿದರು: "ನೀವೂ ಒಂದೊಂದು ದೋಣಿ ಮಾಡ್ಕೊಳ್ರಪ್ಪ. ವರ್ಷಕ್ಕೊಂದ್ಸಲ ಸೇರೋಣ. ಮಜಾ ಇರುತ್ತೆ."

ಮಜಾಕ್ಕೆ ಅವರು ಗೊತ್ತು ಮಾಡಿದ ಸಮಯ ಗಮನಿಸಬೇಕು. ಕೊಯ್ಲು ಮುಗಿದು, ಹೂವಿನ ನೀರು ಶುರುವಾಗುವ ಮುಂಚಿನ ಭಾನುವಾರ. ಸ್ಪರ್ಧೆ, ಗೆದ್ದವರಿಗೊಂದು ಕಪ್ಪು, ಆಮೇಲೆ ಕಡುಬು ಕೋಳಿಸಾರಿನ ಊಟ, ಊಟದ ಮಧ್ಯೆ ನೀರಿನ ಸರದಿಯ ಘೋಷಣೆ. ಸರದಿ ತಿಳಿಯಬೇಕಾದರೆ ಊಟಕ್ಕೆ ಬರಬೇಕು, ಊಟಕ್ಕೆ ಬರಬೇಕಾದರೆ ದೋಣಿ ಇರಬೇಕು. ಹೀಗಾಗಿ ಈಜು ಬಾರದ ನಾಲ್ಕು ಕಾಫಿ ಬೆಳೆಗಾರರು ನಡುವಯಸ್ಸಿನಲ್ಲಿ ನಾವಿಕರಾದೆವು.

ನನ್ನ ದೋಣಿಯ ವರ್ಣನೆ ಚಿಕ್ಕದು. ಗಿಡಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವ ಆರು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಮುಚ್ಚಳ ಬಿಗಿದು, ಬಿದಿರಿನ ಚೌಕಟ್ಟಿಗೆ ಕಟ್ಟಿ, ಮೇಲೆ ಹಲಗೆ ಹಾಸಿದ್ದು. ನಡುವೆ ಸಿಲ್ವರ್ ಮರದ ಗಳ. ಹಾಯಿಯೆಂದರೆ ಕಣದಲ್ಲಿ ಕಾಫಿ ಹರಡುವ ಟಾರ್ಪಾಲು. ನನ್ನ ಹೆಂಡತಿ ದಬ್ಬಳದಲ್ಲಿ ಗೋಣಿಚೀಲ ಹೊಲಿದ ಹಾಗೆ ಹೊಲಿದುಕೊಟ್ಟದ್ದು. ನೋಡಲು ಎಮ್ಮೆ ಕೊಡೆ ಹಿಡಿದುಕೊಂಡು ಈಜುತ್ತಿರುವ ಹಾಗೆ ಕಾಣುತ್ತಿತ್ತು. ಆದರೆ ಓಡುತ್ತಿತ್ತು. ಅದೇ ಅದರ ದೋಷ.

ಮೊದಲ ವರ್ಷ ನಾನು ಅರಿಯದೆ ಅಣ್ಣಯ್ಯನವರ ದೋಣಿಯ ಪಕ್ಕಕ್ಕೇ ಬಂದುಬಿಟ್ಟೆ. ಹಿಂದಿನಿಂದ ಮೇಲಿನ ತೋಟದ ಬಾವ ಕೆಮ್ಮಿದ. ದೂರದ ಸಂಬಂಧ, ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತೇವೆ. ಕ್ಷಯದ ಕೆಮ್ಮಿನಂಥ ಕೆಮ್ಮು. ನಾನು ತಿರುಗಿ ನೋಡುವಷ್ಟರಲ್ಲಿ ದೋಣಿ ತಡವರಿಸಿತು, ಅಣ್ಣಯ್ಯ ಮುಂದೆ ಹೋದರು. ದಡಕ್ಕೆ ಬಂದ ಮೇಲೆ ಬಾವ ನನ್ನನ್ನು ಮರದ ಮರೆಗೆ ಕರೆದುಕೊಂಡು ಹೋದ.

"ಎಂತ ಮಾಡ್ಲಿಕ್ಕೆ ಹೊರಟಿದ್ದೆ ಮಾರಾಯ?"

"ಗಾಳಿ ಬಂತು ಬಾವ, ದೋಣಿ ಹೋಯ್ತು."

"ಗಾಳಿ ಇವತ್ತು ಬರುತ್ತೆ, ನಾಳೆ ಹೋಗುತ್ತೆ. ಕೆರೆ ಅಲ್ಲೇ ಇರುತ್ತೆ. ನೆನಪಿಟ್ಕೋ."

ನೆನಪಿಟ್ಟುಕೊಂಡೆ. ಅಂದಿನಿಂದ ಸೋಲುವ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದೆ. ಇದು ಹೊರಗಿನವರು ತಿಳಿದಷ್ಟು ಸುಲಭವಲ್ಲ. ತೀರಾ ಹಿಂದೆ ಬಿದ್ದರೆ ಆಸಕ್ತಿ ಇಲ್ಲ ಎಂದಾಗುತ್ತದೆ. ತೀರಾ ಹತ್ತಿರ ಬಂದರೆ ಅಹಂಕಾರ. ಎರಡು ದೋಣಿಯಷ್ಟು ಅಂತರದಲ್ಲಿ, ಮುಖದ ಮೇಲೆ ಗೆಲ್ಲುವ ಆಸೆ ತುಂಬಿಕೊಂಡು, ಕೈಯಲ್ಲಿ ಮೆಲ್ಲಗೆ ಹಗ್ಗ ಸಡಿಲ ಬಿಡುತ್ತಾ ಬರಬೇಕು. ಬಾವ ಇದರಲ್ಲಿ ಸಿದ್ಧಪುರುಷ. ಪ್ರತಿ ವರ್ಷ ಕೊನೆಯ ಗಳಿಗೆಯಲ್ಲಿ ಹಣೆ ಚಚ್ಚಿಕೊಂಡು, "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತಲ್ಲ ಅಣ್ಣಯ್ಯ!" ಎಂದು ಅವನು ಕೂಗುವುದನ್ನು ಕೇಳಿದರೆ ನನಗೇ ಅಯ್ಯೋ ಪಾಪ ಅನ್ನಿಸುತ್ತಿತ್ತು. ಉಳಿದ ಎರಡು ದೋಣಿ ಆಚೆ ದಿಣ್ಣೆಯ ಅಣ್ಣತಮ್ಮಂದಿರದು. ಆಸ್ತಿ ಭಾಗವಾದ ಮೇಲೆ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲವಾದ್ದರಿಂದ ಎರಡು ದೋಣಿ. ಎಲ್ಲದರಲ್ಲೂ ಭಿನ್ನಾಭಿಪ್ರಾಯ, ಸೋಲುವುದರಲ್ಲಿ ಮಾತ್ರ ರಾಮ ಲಕ್ಷ್ಮಣರು.

ಹೀಗೆ ವರ್ಷಗಟ್ಟಲೆ ಸೋತರೂ ನಮ್ಮ ಸರದಿ ಮೂರನೆಯದರಿಂದ ಮೇಲಕ್ಕೆ ಏರಲಿಲ್ಲ. ಎರಡು ವರ್ಷದ ಹಿಂದಂತೂ ಕೊನೆಗೆ ಇಳಿಯಿತು. ನಾನು ಸಾಕಷ್ಟು ಚೆನ್ನಾಗಿ ಸೋಲುತ್ತಿಲ್ಲ ಎಂದುಕೊಂಡೆ.

ಹೋದ ವರ್ಷ ಮಾತ್ರ ಮೊದಲ ಸರದಿ ಬೇಕೇ ಬೇಕಿತ್ತು. ರಸ್ತೆಯ ಬದಿಯ ಒಂದೆಕರೆಯಲ್ಲಿ ಹಳೆ ಗಿಡ ಕಿತ್ತು ನನ್ನ ಹೆಂಡತಿ ಹೊಸ ರೊಬಸ್ಟಾ ಹಾಕಿದ್ದಳು. ಹಾಕಿಸಿದ್ದಳು ಎಂದಲ್ಲ, ಹಾಕಿದ್ದಳು. ಬೀಜ ಆರಿಸಿದ್ದು, ಪಾತಿ ಮಾಡಿದ್ದು, ಪಾಕೀಟಿಗೆ ಮಣ್ಣು ತುಂಬಿದ್ದು, ಬೇಸಿಗೆಯಲ್ಲಿ ಗಿಡಕ್ಕೊಂದು ಸೊಪ್ಪಿನ ನೆರಳು ಚುಚ್ಚಿದ್ದು, ಎಲ್ಲ ಅವಳೇ. ಆ ಗಿಡಗಳು ಆ ವರ್ಷ ಮೊದಲ ಬಾರಿಗೆ ಮೊಗ್ಗು ಕಟ್ಟಿದ್ದವು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅಲ್ಲಿಗೆ ಹೋಗಿ ಒಂದೊಂದು ರೆಂಬೆ ಎತ್ತಿ ನೋಡಿ ಬರುತ್ತಿದ್ದಳು. ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ನೆನಪಿಲ್ಲ.

ಸ್ಪರ್ಧೆಗೆ ನಾಲ್ಕು ದಿನ ಇದೆ ಎನ್ನುವಾಗ ಅವಳು ಹೇಳಿದಳು, "ಈ ಸಲ ದೋಣಿಗೆ ನಾನೂ ಬರ್ತೀನಿ."

"ಯಾಕೆ?"

"ನಿಮ್ಮ ಕೈ ನಂಬೋ ಹಾಗಿಲ್ಲ. ಗಾಳಿ ಬಂತು ಅಂತ ಮೈಮರೆತು ಓಡಿಸಿದ್ರೆ? ನಂಗೆ ನೀರು ಬೇಕು ರೀ. ಕಪ್ಪಲ್ಲ."

ಹೀಗೆ, ನಾನು ಗೆಲ್ಲದ ಹಾಗೆ ನೋಡಿಕೊಳ್ಳುವ ಏಕೈಕ ಉದ್ದೇಶದಿಂದ ಧರ್ಮಪತ್ನಿ ನನ್ನ ದೋಣಿ ಹತ್ತಿದಳು.

ಸ್ಪರ್ಧೆ ಶುರು ಮಾಡುವ ಅಧಿಕಾರ ಮೂಡಿಗೆರೆಯ ಪಂಪ್ ಮೆಕ್ಯಾನಿಕ್ ಕಾಕಾ ಅವರದು. ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಕೆಟ್ಟಾಗ ನೆನಪಿಸಿಕೊಳ್ಳುವ ಮನುಷ್ಯ. ಅವರಿಗೆ ತೋಟವಿಲ್ಲ, ನೀರು ಬೇಕಿಲ್ಲ, ಆದ್ದರಿಂದ ನಿಷ್ಪಕ್ಷಪಾತಿ ಎಂದು ಅಣ್ಣಯ್ಯನವರ ತೀರ್ಮಾನ. ಏರಿಯ ಮೇಲೆ ನಿಲ್ಲಿಸಿದ ಜೀಪಿನ ಹಾರನ್ನೇ ಸ್ಪರ್ಧೆಯ ಕಹಳೆ.

"ಅಮ್ಮಾ, ನೀವೂ ಹತ್ತಿದ್ರಾ? ಡ್ರಮ್ಮು ತಡೆಯುತ್ತಾ?" ಎಂದರು ಕಾಕಾ.

"ಇಷ್ಟು ವರ್ಷ ಇವರ ಭಾರ ತಡ್ಕೊಂಡಿದೆ. ನಂದು ಯಾವ ಲೆಕ್ಕ ಕಾಕಾ?"

"ಸಾರ್ ಅವರು ಈ ಸಲ ಗೆಲ್ತಾರೋ?"

"ಗೆದ್ರೆ ಮನೆಗೆ ಸೇರ್ಸಲ್ಲ."

ಮಂಜು ಕರಗಿ ಬಿಸಿಲು ಏರುವ ಹೊತ್ತಿಗೆ ಗುಡ್ಡದ ಸಂದಿನಿಂದ ಗಾಳಿ ಇಳಿಯಿತು. ಕೆರೆಗೆ ಅಡ್ಡಲಾಗಿ ಬೀಸುವ ಗಾಳಿ. ಹೋಗುವಾಗಲೂ ಬರುವಾಗಲೂ ಅನುಕೂಲ. ಆಚೆ ತುದಿಯಲ್ಲಿ ಕಲ್ಲು ಕಟ್ಟಿ ತೇಲಿಬಿಟ್ಟ ಹಳದಿ ಕ್ಯಾನು. ಅದನ್ನು ಸುತ್ತಿ ಏರಿಗೆ ವಾಪಸು ಬಂದರೆ ಆಯಿತು. ಕಾಕಾ ಹಾರನ್ ಹೊಡೆದರು. ಅಣ್ಣಯ್ಯನವರ ಬಿಳಿ ದೋಣಿ ಹಂಸದ ಹಾಗೆ ಹೊರಟಿತು. ನಾವು ನಾಲ್ವರು ಬಾತುಕೋಳಿಗಳ ಶಿಸ್ತಿನಲ್ಲಿ ಹಿಂಬಾಲಿಸಿದೆವು.

ಅರ್ಧ ದಾರಿಯಲ್ಲಿ ಅಣ್ಣಯ್ಯನವರಿಗೆ ಒಂದು ಉಪಾಯ ಹೊಳೆಯಿತು. ದಡಕ್ಕೆ ಅಂಟಿಕೊಂಡು ಹೋದರೆ ದಾರಿ ಹತ್ತಿರವಾಗುತ್ತದೆ ಎಂದು ದೋಣಿಯನ್ನು ಬದಿಗೆ ತಿರುಗಿಸಿದರು. ಆ ದಡದಲ್ಲಿ ಗಾಳಿಗೆ ಅಡ್ಡವಾಗಲೆಂದು ಅವರ ತಂದೆಯವರು ನೆಡಿಸಿದ ಸಿಲ್ವರ್ ಮರಗಳ ಸಾಲು ಇದೆ. ತಂದೆಯವರು ಕೆಲಸವನ್ನು ಚೆನ್ನಾಗಿಯೇ ಮಾಡಿಸಿದ್ದರು. ಮರಗಳ ಮರೆಗೆ ಹೋದದ್ದೇ ತಡ, ಬಿಳಿ ಹಾಯಿ ಒಗೆದು ಒಣಗಲು ಹಾಕಿದ ಪಂಚೆಯಂತೆ ಜೋತುಬಿದ್ದಿತು. ದೋಣಿ ನಿಂತಿತು.

ನಮಗೆ ಮಾತ್ರ ಗಾಳಿ ಭರ್ಜರಿಯಾಗಿ ಇತ್ತು.

ಆಮೇಲೆ ಆ ಕೆರೆಯಲ್ಲಿ ನಡೆದದ್ದು ನಾಡಿನ ಯಾವ ಕೆರೆಯಲ್ಲೂ ನಡೆದಿರಲಾರದು. ನಾಲ್ಕು ದೋಣಿಗಳು, ಹಾಯಿಯ ತುಂಬ ಒಳ್ಳೆಯ ಗಾಳಿ ಇಟ್ಟುಕೊಂಡು, ಮುಂದೆ ಹೋಗದಿರಲು ಹೋರಾಡಿದವು.

"ಏನ್ರೋ ಇದು, ಗಾಳಿನೇ ಇಲ್ವಲ್ಲ!" ಅಣ್ಣಯ್ಯ ಕೂಗಿದರು.

"ಹೌದು ಅಣ್ಣಯ್ಯ, ಎಲ್ಲೂ ಇಲ್ಲ!" ಎಂದ ಬಾವ. ಅವನ ಹಾಯಿ ತುಂಬುಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಅದನ್ನು ಎರಡೂ ಕೈಯಲ್ಲಿ ಅಪ್ಪಿ ಅದುಮಿಕೊಂಡು ಕೂಗುತ್ತಿದ್ದ.

ದಿಣ್ಣೆಯ ಅಣ್ಣ ನೀರಿಗೆ ಕಲ್ಲು ಇಳಿಬಿಟ್ಟ. ತಮ್ಮ ಕಿವಿಗೆ ಫೋನ್ ಇಟ್ಟುಕೊಂಡು ಯಾರೊಂದಿಗೋ ಪಾರ್ಚ್‌ಮೆಂಟ್ ಕಾಫಿಯ ಧಾರಣೆ ಮಾತಾಡತೊಡಗಿದ. ಆ ಕೆರೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ. ಅದು ಅವನಿಗೂ ಗೊತ್ತು, ಅಣ್ಣಯ್ಯನವರಿಗೂ ಗೊತ್ತು. ನನ್ನ ಹೆಂಡತಿ, "ರೀ, ಚಪ್ಪಲಿ ನೀರಿಗೆ ಬಿಡ್ಲಾ? ಹುಡುಕೋ ಹಾಗೆ ಮಾಡ್ಬೋದು" ಎಂದಳು. ಬಿಟ್ಟಳು ಕೂಡ. ಹಾಕಿಕೊಂಡು ಬಂದ ಒಳ್ಳೆಯ ಜೋಡಿ.

ನನಗೆ ಸಿಟ್ಟು ಬಂದದ್ದು ಆಗ. ಚಪ್ಪಲಿ ತೇಲಿಹೋಗುವುದನ್ನು ನೋಡುತ್ತಾ ಇದ್ದಾಗ. ನಾವು ಐದು ಜನ ವಯಸ್ಸಾದ ಗಂಡಸರು. ತೋಟ, ಆಳುಕಾಳು, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಷ್ಟು ಮರ್ಯಾದೆ, ಎಲ್ಲ ಇದ್ದವರು. ಒಬ್ಬ ಹಾಯಿಯನ್ನು ಅಪ್ಪಿಕೊಂಡಿದ್ದಾನೆ, ಒಬ್ಬ ಸತ್ತ ಫೋನಿನಲ್ಲಿ ವ್ಯಾಪಾರ ಮಾಡುತ್ತಿದ್ದಾನೆ, ನಾನು ಹೆಂಡತಿಯ ಚಪ್ಪಲಿಗೆ ಕೋಲು ಚಾಚುತ್ತಿದ್ದೇನೆ. ಇದಕ್ಕೆ ಸೌಹಾರ್ದ ಎಂದು ಹೆಸರು.

ಕೋಲು ಚಾಚುವ ನೆಪದಲ್ಲಿ ನಮ್ಮ ದೋಣಿ ಮೆಲ್ಲಗೆ ಎಡಕ್ಕೆ ಜಾರಿತ್ತು. ಅಲ್ಲಿ ಬಂಡೆಯ ಮೂಗೊಂದು ಕೆರೆಯೊಳಗೆ ಚಾಚಿದೆ. ಸ್ಪರ್ಧೆಯ ದಿನ ಅದರಾಚೆ ಏನಿರುತ್ತದೆ ಎಂದು ನಾವು ಯಾರೂ ನೋಡಿದವರಲ್ಲ, ಯಾಕೆಂದರೆ ಅಣ್ಣಯ್ಯನವರ ಹಿಂದಿನ ಸಾಲು ಬಿಟ್ಟು ಯಾರೂ ಹೋದವರಲ್ಲ. ಬಂಡೆ ದಾಟಿದ ಕೂಡಲೇ ಹೆಂಡತಿ ನನ್ನ ತೋಳು ಹಿಡಿದಳು.

"ರೀ, ಅಲ್ನೋಡಿ."

ಬಂಡೆಯ ಮರೆಯಲ್ಲಿ ಅಣ್ಣಯ್ಯನವರ ಪಂಪ್ ಮನೆ. ಅದರ ಬಾಯಿಯಿಂದ ಹೊರಟು ಗುಡ್ಡದ ಮೈಮೇಲೆ ಬಿಸಿಲಿಗೆ ಮಿಂಚುತ್ತಾ ಸಾಲಾಗಿ ಅಲ್ಯೂಮಿನಿಯಂ ಪೈಪುಗಳು. ಜೋಡಿಸಿ, ಕೊಕ್ಕೆ ಹಾಕಿ, ಸಿದ್ಧವಾಗಿದ್ದವು. ಸ್ವಿಚ್ ಒತ್ತುವುದಷ್ಟೇ ಬಾಕಿ. ನಮ್ಮ ಕಡೆ ಪೈಪುಗಳನ್ನು ಒಬ್ಬರಿಗೊಬ್ಬರು ಎರವಲು ಕೊಡುವುದು ವಾಡಿಕೆ. ಅದಲುಬದಲಾಗದಿರಲಿ ಎಂದು ಪ್ರತಿ ತೋಟದವರೂ ಪೈಪಿನ ಕೊನೆಗೆ ತಮ್ಮ ಬಣ್ಣದ ಪಟ್ಟಿ ಬಳಿದಿರುತ್ತಾರೆ. ನಮ್ಮದು ಹಳದಿ. ದಿಣ್ಣೆಯ ಅಣ್ಣನದು ಹಸಿರು, ತಮ್ಮನದು ಅದಕ್ಕಿಂತ ಸ್ವಲ್ಪ ಗಾಢ ಹಸಿರು. ಗುಡ್ಡ ಹತ್ತುತ್ತಿದ್ದ ಪೈಪುಗಳಿಗೆಲ್ಲ ಕೆಂಪು ಪಟ್ಟಿ.

ಕೆಂಪು ಬಾವನದು.

ಸರದಿ ಇನ್ನೂ ಹೇಳಿರಲಿಲ್ಲ. ಕಡುಬು ಇನ್ನೂ ಬೆಂದಿರಲಿಲ್ಲ. ಮೊದಲ ನೀರು ಆಗಲೇ ಮೇಲಿನ ತೋಟಕ್ಕೆ ಹೊರಟು ನಿಂತಿತ್ತು. ನನಗೆ ಇಷ್ಟು ವರ್ಷ ಸೋಲಲು ಕಲಿಸಿದ ಗುರುಗಳ ತೋಟಕ್ಕೆ.

ಹೆಂಡತಿ ಕೈ ಚಾಚಿ ಹಾಯಿಯ ಹಗ್ಗ ಎತ್ತಿ ನನ್ನ ಕೈಗೆ ಕೊಟ್ಟಳು.

"ಎಳೀರಿ."

"ಎಂತದು?"

"ದಾಟಿ."

"ನೀರು?"

"ನೀರು ಹೋಗಿ ಆಯ್ತಲ್ಲ. ಇನ್ನು ಗಾಳಿನಾದ್ರೂ ಯಾಕೆ ಬಿಡ್ಬೇಕು?"

ಎಳೆದೆ. ವರ್ಷಗಟ್ಟಲೆ ಸಡಿಲ ಬಿಟ್ಟೇ ಅಭ್ಯಾಸವಾದ ಕೈಗೆ ಹಗ್ಗದ ಬಿಗಿ ಹೊಸದಾಗಿತ್ತು. ಟಾರ್ಪಾಲು ಪಟಾರೆಂದು ಶಬ್ದ ಮಾಡಿ ಗಾಳಿ ತುಂಬಿಕೊಂಡಿತು. ಡ್ರಮ್ಮುಗಳು ಗುಡುಗುಡು ಎಂದವು. ಬೋರ್ಡೋ ಡ್ರಮ್ಮಿನ ಆ ದೋಣಿ ಕೊಂಬು ತಗ್ಗಿಸಿದ ಕೋಣದ ಹಾಗೆ ನುಗ್ಗಿತು.

"ಬಾವ! ಬಾವಾ! ಹಗ್ಗ ಬಿಡು!" ಹಿಂದಿನಿಂದ ಬಾವ ಕಿರುಚಿದ. ಸುಳ್ಳು ಕೆಮ್ಮೂ ಕೆಮ್ಮಿದ. "ಕೈ ಜಾರಿತು ಅಂತ ಹೇಳು ಮಾರಾಯ!"

"ನಿಮ್ಮ ಕೆಂಪು ಪೈಪು ಚೆನ್ನಾಗಿ ಮಿಂಚ್ತಿದೆ ಅಣ್ಣಾ!" ನನ್ನ ಹೆಂಡತಿ ತಿರುಗಿ ಕೂಗಿದಳು. ಅವನ ಕೈಯಿಂದ ಹಾಯಿ ತಪ್ಪಿಹೋಗಿ ಅವನ ಮುಖಕ್ಕೇ ಬಡಿಯಿತು.

ಮರಗಳ ಮರೆಯ ಅಂಚಿನಲ್ಲಿ ಅಣ್ಣಯ್ಯನವರ ಪಕ್ಕದಲ್ಲೇ ಹಾದು ಹೋದೆವು. ಕೈ ಚಾಚಿದರೆ ಬಿಳಿ ಟೋಪಿ ಮುಟ್ಟುವಷ್ಟು ಹತ್ತಿರ. ಅವರು ಬೈಯಲಿಲ್ಲ. ನಕ್ಕರು.

"ಹೋಗು ಮಾರಾಯ, ಹೋಗು. ಎಷ್ಟು ವರ್ಷ ಅಂತ ನನ್ನ ಬೆನ್ನೇ ನೋಡ್ತೀಯ?"

ಆ ನಗು ಎಂಥದು ಎಂದು ಅವತ್ತಿನಿಂದ ಯೋಚಿಸಿದ್ದೇನೆ. ಅವರಿಗೂ ನಮ್ಮ ನಾಟಕ ಸಾಕಾಗಿತ್ತೋ, ಅಥವಾ ಬೆಕ್ಕು ಇಲಿಗೆ ಎರಡು ಹೆಜ್ಜೆ ಬಿಟ್ಟುಕೊಟ್ಟದ್ದೋ, ಗೊತ್ತಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯದವರ ಮೇಲಿನ ಸಿಟ್ಟನ್ನು ಎಲ್ಲಿ ಇಡುವುದು?

ಕ್ಯಾನು ಸುತ್ತಿ ಏರಿಗೆ ಬಂದಾಗ ಕಾಕಾ ಜೀಪಿನಲ್ಲಿ ಕೈ ಎತ್ತಿ ಕೂತುಬಿಟ್ಟಿದ್ದರು. ಪ್ರತಿ ವರ್ಷ ಬಿಳಿ ದೋಣಿಗೆ ಹಾರನ್ ಹೊಡೆದ ಕೈ. ನೀಲಿ ಡ್ರಮ್ಮಿಗೆ ಹೊಡೆಯಬಹುದೇ ಎಂದು ಅದಕ್ಕೆ ಅನುಮಾನ. ಕೊನೆಗೆ ಒಮ್ಮೆ ಪೀಂ ಎಂದರು, ಸಂಕೋಚದಿಂದ. ಏರಿಯ ಮೇಲೆ ಚಪ್ಪಾಳೆ ತಟ್ಟಲು ಎತ್ತಿದ ಕೈಗಳೆಲ್ಲ ನಡುದಾರಿಯಲ್ಲಿ ನಿಂತು, ತಲೆಗೂದಲು ಸರಿಮಾಡಿಕೊಂಡು ಕೆಳಗಿಳಿದವು.

ಬಹಳ ಹೊತ್ತಿನ ಮೇಲೆ ಅಣ್ಣಯ್ಯನವರು ಹುಟ್ಟು ಹಾಕುತ್ತಾ ಬಂದರು. ಅವರ ಹಿಂದೆ, ಎರಡು ದೋಣಿಯಷ್ಟು ಅಂತರದಲ್ಲಿ, ಮೂವರು.

ಕಪ್ಪು ಕೊಡುವ ಶಾಸ್ತ್ರ ನಡೆಯಿತು. ಪ್ರತಿ ವರ್ಷ ಅವರ ಬೀರುವಿನಿಂದ ಬಂದು ಅವರ ಬೀರುವಿಗೇ ಹೋಗುತ್ತಿದ್ದ ಎರಡು ಕಿವಿಯ ಕಪ್ಪು. ಕ್ರೀಡೆಯಲ್ಲಿ ಸೋಲು ಗೆಲುವು ಮುಖ್ಯವಲ್ಲ ಎಂದು ಅಣ್ಣಯ್ಯ ಭಾಷಣ ಮಾಡಿದರು. ಆ ಮಾತನ್ನು ಗೆದ್ದಾಗ ಯಾವತ್ತೂ ಹೇಳಿದ್ದು ನನಗೆ ನೆನಪಿಲ್ಲ. ಆಮೇಲೆ ಎಲೆ ಹಾಕಿದರು. ಕಡುಬು ಬಂತು, ಸಾರು ಬಂತು, ಸರದಿ ಬಂತು.

"ಈ ಸಲ ಕೆರೆ ಸ್ವಲ್ಪ ತಗ್ಗಿದೆ," ಎಂದರು ಅಣ್ಣಯ್ಯ, ಕಡುಬು ಮುರಿಯುತ್ತಾ. "ಮೇಲಿನ ತೋಟದಿಂದ ಶುರು ಮಾಡೋಣ. ಆಮೇಲೆ ದಿಣ್ಣೆ ಕಡೆ. ಕೊನೆಗೆ ಕೆಳಗೆ ಬರೋಣ, ನೀರು ಉಳಿದಷ್ಟು." ಕೆಳಗೆ ಎಂದರೆ ನಾವು.

ಯಾರೂ ತಲೆ ಎತ್ತಲಿಲ್ಲ. ಕೋಳಿಸಾರಿನಲ್ಲಿ ಭವಿಷ್ಯ ಬರೆದಿರುವ ಹಾಗೆ ಎಲ್ಲರೂ ಎಲೆಯನ್ನೇ ನೋಡುತ್ತಿದ್ದರು. ನನ್ನ ಹೆಂಡತಿ ಬರಿಗಾಲಲ್ಲಿ ಎದ್ದು ನಿಂತಳು.

"ಅಣ್ಣಯ್ಯ, ಒಂದು ಮಾತು. ಮೇಲಿನ ತೋಟದ ಪೈಪು ಬೆಳಿಗ್ಗೆನೇ ಹಾಕಿ ಆಗಿತ್ತಲ್ಲ?"

"ಪೈಪಾ?" ಬಾವ ಬಾಯಲ್ಲಿದ್ದದ್ದನ್ನು ನುಂಗಿದ. "ಅದು... ಹೋದ್ವರ್ಷದ್ದು ಅತ್ತಿಗೆ. ಎತ್ಲಿಕ್ಕೆ ಪುರುಸೊತ್ತಾಗ್ಲಿಲ್ಲ."

"ಹೋದ್ವರ್ಷ ನಿಮ್ಮ ಪೈಪು ಎತ್ತಿದ್ದು ನಮ್ಮ ಜೀಪಲ್ಲೇ ಅಣ್ಣ. ಎತ್ತಿದವರಿಗೆ ಕಾಫಿ ಕೊಟ್ಟಿದ್ದು ನಾನೇ."

ಅತ್ತಿಗೆ ಎಂದು ಅವನು ಅವಳನ್ನು ಅದುವರೆಗೆ ಕರೆದದ್ದೇ ಇಲ್ಲ. ಹೆದರಿಕೆಯಲ್ಲಿ ಮನುಷ್ಯನಿಗೆ ಸಂಬಂಧಗಳೂ ಅದಲುಬದಲಾಗುತ್ತವೆ.

ಅಣ್ಣಯ್ಯ ಅವಳ ಕಡೆ ತುಂಬ ವಾತ್ಸಲ್ಯದಿಂದ ನೋಡಿದರು. "ಕಡುಬು ತಣ್ಣಗಾಗುತ್ತೆ, ಊಟ ಮಾಡಮ್ಮ" ಎಂದರು.

ಅಷ್ಟೇ. ಇಡೀ ಪ್ರಕರಣದ ತೀರ್ಪು ಆ ಒಂದು ಮಾತು. ಜಗಳಕ್ಕೆ ಒಂದು ಹಿಡಿ ಬೇಕು, ಅವರು ಕೊಡಲಿಲ್ಲ. ನಾವು ಕಡುಬು ಬಿಟ್ಟು ಎದ್ದು ಬಂದೆವು. ಜೀಪಿನಲ್ಲಿ ಕಪ್ಪು ಅವಳ ಕಾಲ ಬಳಿ ಉರುಳಾಡುತ್ತಾ ಬಂತು.

ಮುಂದಿನ ದಿನಗಳು ಹೇಗಿದ್ದವು ಎಂದರೆ, ಮೇಲಿನ ತೋಟದಲ್ಲಿ ಸ್ಪ್ರಿಂಕ್ಲರಿನ ಜೆಟ್ ತಿರುಗುವ ಟಕ್ ಟಕ್ ಟಕ್ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆಮೇಲೆ ಸದ್ದು ದಿಣ್ಣೆಯ ಕಡೆ ಹೋಯಿತು, ನಮ್ಮ ಕಡೆಗೆ ಬರಲೇ ಇಲ್ಲ. ವಾರವಾದ ಮೇಲೆ ಬಾವನ ಗುಡ್ಡ ಬೆಳ್ಳಗಾಯಿತು, ಹೂವಿನ ವಾಸನೆ ಕೇಳದೆಯೇ ನಮ್ಮ ಮನೆಯೊಳಗೆ ಬಂದು ಕೂತಿತು. ನನಗೆ ಹುಟ್ಟಿದಾಗಿನಿಂದ ಪ್ರಿಯವಾದ ವಾಸನೆ ಅದು. ಆ ಸಲ ಕಿಟಕಿ ಹಾಕಿದೆ. ರಸ್ತೆ ಬದಿಯ ಒಂದೆಕರೆಯಲ್ಲಿ ಮೊಗ್ಗಿನ ತುದಿ ಕೆಂಪಾಗತೊಡಗಿತ್ತು.

ಒಂದು ಬೆಳಿಗ್ಗೆ ಅಂಗಳದಲ್ಲಿ ಸುತ್ತಿಗೆಯ ಸದ್ದು. ಹೋಗಿ ನೋಡಿದರೆ ಹೆಂಡತಿ ದೋಣಿ ಬಿಚ್ಚುತ್ತಿದ್ದಳು. ಬಿದಿರು ಒಂದು ಕಡೆ, ಹಲಗೆ ಒಂದು ಕಡೆ.

"ಇದು ಗೆದ್ದ ದೋಣಿ," ಎಂದೆ.

"ಗೆದ್ದಾಯ್ತಲ್ಲ. ಇನ್ನು ಕೆಲ್ಸ ಮಾಡ್ಲಿ."

ಡ್ರಮ್ಮುಗಳನ್ನು ತೊಳೆದು ಜೀಪಿಗೆ ಏರಿಸಿದೆವು. ರಸ್ತೆಯ ಸೇತುವೆಯ ಕೆಳಗಿನ ಹಳ್ಳದಲ್ಲಿ ಸ್ಪ್ರಿಂಕ್ಲರಿಗೆ ಸಾಲದಷ್ಟು, ಡ್ರಮ್ಮಿಗೆ ಸಾಲುವಷ್ಟು ನೀರು ಉಳಿದಿತ್ತು. ಆ ಒಂದೆಕರೆಯ ಕೆಳಬದಿಯಲ್ಲಿ ಗುಂಡಿ ತೋಡಿ, ಅದರೊಳಗೆ ನಮ್ಮ ಹಾಯಿ ಹಾಸಿ, ತಂದ ನೀರನ್ನು ಅದಕ್ಕೆ ಸುರಿದೆವು. ಗಾಳಿ ಹಿಡಿದ ಬಟ್ಟೆ ನೀರನ್ನೂ ಹಿಡಿಯಿತು. ದಬ್ಬಳದ ಹೊಲಿಗೆಯಲ್ಲಿ ಮಾತ್ರ ಸ್ವಲ್ಪ ಜಿನುಗುತ್ತಿತ್ತು. ಮಳೆಗಾಲದಲ್ಲಿ ಔಷಧಿ ಹೊಡೆಯುವ ಬೋರ್ಡೋ ಪಂಪನ್ನು ಕಾಕಾ ಬಂದು ರಿಪೇರಿ ಮಾಡಿಕೊಟ್ಟರು. ಅಣ್ಣಯ್ಯನವರ ಕಡೆಯವರು ನೋಡಿಯಾರೆಂದು ಹಿಂದಿನ ದಾರಿಯಿಂದ ಬಂದು ಹಿಂದಿನ ದಾರಿಯಿಂದಲೇ ಹೋದರು. "ನಾನು ಬಂದಿಲ್ಲ ಆಯ್ತಾ ಅಮ್ಮಾ" ಎಂದು ಹೇಳಿ, ಬಾರದೆ ಇದ್ದ ಮನುಷ್ಯ ಎರಡು ಲೋಟ ಕಾಫಿ ಕುಡಿದರು.

ನಾನು ಪೈಪಿನ ತುದಿಯ 'ಗನ್' ಹಿಡಿದು ಗಿಡದ ಮೇಲೆ ಮಳೆ ಬೀಳಿಸಿದೆ. ಪೈಪು ಮುಟ್ಟದ ಗಿಡಗಳಿಗೆ ಅವಳು ಕೈಯಲ್ಲೇ ಎರಚಿದಳು. ನೀರೆತ್ತುವ ಮಗ್ಗನ್ನು ಮನೆಯಲ್ಲಿ ಬಿಟ್ಟು ಬಂದಿದ್ದಳು. ಜೀಪಿನಲ್ಲಿ ಉರುಳಾಡುತ್ತಿದ್ದ ಕಪ್ಪನ್ನೇ ಎತ್ತಿಕೊಂಡಳು. ಒಳ್ಳೆಯ ಹಿಡಿತ ಎಂದಳು. ಎರಡನೆಯ ದಿನ ಅದರ ಒಂದು ಕಿವಿ ಕಿತ್ತು ಬಂತು.

ಕೆಳಗಿನ ಸಾಲುಗಳು ಹೂ ಬಿಟ್ಟವು. ಬಾವನ ಗುಡ್ಡದ ಹಾಗೆ ಹಿಮ ಬಿದ್ದಂತೆ ಅಲ್ಲ. ಅಲ್ಲೊಂದು ರೆಂಬೆ, ಇಲ್ಲೊಂದು ರೆಂಬೆ, ಲೆಕ್ಕಕ್ಕೆ ಸಿಗುವಷ್ಟು. ಮೇಲಿನ ನಾಲ್ಕು ಸಾಲಿಗೆ ನಾವು ತಲುಪುವ ಹೊತ್ತಿಗೆ ಮೊಗ್ಗು ಕರಕಲಾಗಿ, ಮುಟ್ಟಿದರೆ ಕೈಗೆ ಬರುತ್ತಿತ್ತು. ಅವಳು ಆ ಸಾಲುಗಳ ನಡುವೆ ಒಮ್ಮೆ ನಡೆದಳು. ಅಳಲಿಲ್ಲ. ಉದುರಿದ್ದನ್ನು ಅಂಗೈಯಲ್ಲಿ ತಿಕ್ಕಿ ಊದಿಬಿಟ್ಟು, "ಇವಕ್ಕೆ ಬರೋ ವರ್ಷ ಮೊದಲು ಕೊಡೋಣ" ಎಂದಳು. ಸರದಿ ಎಂದರೆ ಅದು.

ನನ್ನ ಸಿಟ್ಟು ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಿಲ್ಲಲಿಲ್ಲ, ಯಾಕೆಂದರೆ ಈಗ ನಮ್ಮ ಸೀಮೆಯಲ್ಲೆಲ್ಲ ಒಂದು ಕಥೆ ಓಡಾಡುತ್ತಿದೆ: 'ಅಣ್ಣಯ್ಯನ ದೋಣಿ ದಾಟಿದ, ನೀರು ಕಳ್ಕೊಂಡ.' ನೀತಿಕಥೆಯ ಹಾಗೆ ಹೇಳುತ್ತಾರೆ. ಮೂಡಿಗೆರೆಯ ಗೊಬ್ಬರದಂಗಡಿಯಲ್ಲಿ ನಾನು ಎದುರಿಗೆ ನಿಂತಿರುವಾಗಲೇ ಹೇಳಿದರು. ದಾಟುವ ಮೊದಲೇ ನೀರು ಹೋಗಿತ್ತು, ಪೈಪು ಕಣ್ಣಾರೆ ನೋಡಿದೆ ಎಂದರೆ ದಿಣ್ಣೆಯ ತಮ್ಮ ಕರುಣೆಯಿಂದ ನನ್ನ ಭುಜ ತಟ್ಟುತ್ತಾನೆ.

"ಪೈಪು ನೀವೊಬ್ರೇ ನೋಡಿದ್ದು. ನಮಗೆ ಯಾರಿಗೂ ಕಾಣ್ಲಿಲ್ವಲ್ಲ?"

ಹೇಗೆ ಕಾಣಬೇಕು? ನೋಡಬೇಕಾದರೆ ಬಂಡೆಯ ಆಚೆ ಹೋಗಬೇಕು. ಆಚೆ ಹೋಗಬೇಕಾದರೆ ಸಾಲು ಬಿಡಬೇಕು. ಸಾಲು ಬಿಟ್ಟರೆ ನೀರು ಹೋಗುತ್ತದೆ ಎಂಬುದಕ್ಕೆ ಈಗ ಸಾಕ್ಷಿ ಇದೆ. ಸಾಕ್ಷಿ ನಾನೇ.

ಈ ವರ್ಷದ ಆಮಂತ್ರಣ ಹೋದ ವಾರ ವಾಟ್ಸಾಪಿಗೆ ಬಂತು. ಅದೇ ಪದ, ಈ ಸಲ ಕೆಂಪಕ್ಷರದಲ್ಲಿ. ಹಿಂದೆಯೇ ಬಾವನ ಫೋನು.

"ಬಾ ಮಾರಾಯ, ಹಳೇದೆಲ್ಲ ಬಿಡು. ಅಣ್ಣಯ್ಯನೇ ಕೇಳ್ತಿದ್ರು. ಸ್ವಲ್ಪ ಹಿಂದೆ ನಿಂತ್ಕೊಂಡ್ರೆ ಆಯ್ತು, ಎಲ್ಲ ಸರಿಹೋಗುತ್ತೆ. ಮತ್ತೆ, ಆ ಕಪ್ಪು ತಗೊಂಡು ಬಾ. ಅದು ರೋಲಿಂಗ್ ಕಪ್ಪು, ವಾಪಸು ಕೊಡ್ಬೇಕು."

ಹೆಂಡತಿ ಫೋನು ಕಿತ್ತುಕೊಂಡಳು. "ದೋಣಿ ತೋಟದಲ್ಲಿದೆ ಅಣ್ಣ. ಅದಕ್ಕೆ ಭಾನುವಾರ ಬಿಡುವಿಲ್ಲ. ಕಪ್ಪು ಕಳಿಸ್ತೀವಿ."

ಕಪ್ಪು ಹುಡುಕಿದೆವು. ಗುಂಡಿಯ ಬದಿಯಲ್ಲಿ ಬಿದ್ದಿತ್ತು. ಒಂದು ಕಿವಿ ಇಲ್ಲ, ಒಳಗೆಲ್ಲ ಡ್ರಮ್ಮಿನ ತಳದ ಮೈಲುತುತ್ತ ನೀಲಿ ಕಟ್ಟಿದೆ, ತಳದಲ್ಲಿ ಒಣಗಿದ ಕೆಸರು, ಕೆಸರಿನಲ್ಲಿ ಕಪ್ಪಾದ ಒಂದೆರಡು ಮೊಗ್ಗು.

"ಹುಣಸೆಹಣ್ಣು ಹಾಕಿ ಉಜ್ಜಿ ಕೊಡ್ಲಾ?" ಎಂದಳು.

"ಬೇಡ," ಎಂದೆ. "ಇದ್ದ ಹಾಗೇ ಹೋಗ್ಲಿ."

ಕಾಕಾ ಅವರ ಕೈಯಲ್ಲಿ ಕಳಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಪೇಪರಿನಲ್ಲಿ ಸುತ್ತಿ, ಜೀಪಿನ ಹಿಂದಿನ ಸೀಟಿನ ಕೆಳಗೆ ಇಟ್ಟುಕೊಂಡರು. ನಾಳೆ ಭಾನುವಾರ. ಗುಂಡಿ ತುಂಬಿದೆ. ಹಾಯಿಯ ಹೊಲಿಗೆಗೆ ಡಾಂಬರು ಬಳಿದಿದ್ದೇವೆ, ಜಿನುಗುತ್ತಿಲ್ಲ. ಕೆರೆಯ ಕಡೆಯಿಂದ ಹಾರನ್ ಕೇಳುವ ಹೊತ್ತಿಗೆ ನಾವು ಮೇಲಿನ ನಾಲ್ಕು ಸಾಲಿನಲ್ಲಿ ಇರುತ್ತೇವೆ. ವಾಷರ್ ಒಂದು ಬಾಕಿ ಇದೆ. ಸಂಜೆ ಮೂಡಿಗೆರೆಗೆ ಹೋಗಿ ತರಬೇಕು, ಬಸ್ ಸ್ಟ್ಯಾಂಡಿನ ಎದುರಿನ ಆ ಬೋರ್ಡಿನ ಕಡೆ ನೋಡದೆ.